ಅಲುಗದಂತೆ ಕಾಣುವ ಸವಾರ

ಹತ್ತೊಂಬತ್ತನೆಯ ಶತಮಾನದ ಫ್ರೆಂಚ್ ಶರೀರಕ್ರಿಯಾ ವಿಜ್ಞಾನಿ ಎತಿಯೆನ್-ಜೂಲ್ ಮಾರೆಗೆ ಚಲಿಸುವುದನ್ನೆಲ್ಲ ಗೆರೆಯಾಗಿಸುವ ಹುಚ್ಚು. ನಾಡಿ ಮಿಡಿತ, ಹಕ್ಕಿಯ ರೆಕ್ಕೆ, ಮನುಷ್ಯನ ನಡಿಗೆ ಯಾವುದನ್ನೂ ಆತ ಬಿಟ್ಟವನಲ್ಲ. ಕುದುರೆಯ ಸರದಿ ಬಂದಾಗ ಅದರ ನಾಲ್ಕೂ ಗೊರಸುಗಳ ಅಡಿಗೆ ರಬ್ಬರ್ ಚೆಂಡು ಕಟ್ಟಿದ. ಒಂದೊಂದು ಚೆಂಡಿನಿಂದ ಒಂದೊಂದು ಕೊಳವೆ ಹೊರಟು, ಕಾಲುಗುಂಟ ಮೇಲೇರಿ, ಸವಾರನ ಕೈಯಲ್ಲಿದ್ದ ಪುಟ್ಟ ಯಂತ್ರವನ್ನು ಸೇರುತ್ತಿತ್ತು. ಗೊರಸು ನೆಲ ತುಳಿದಾಗ ಚೆಂಡು ಅಮುಕುತ್ತದೆ, ಒಳಗಿನ ಗಾಳಿ ಕೊಳವೆಯಲ್ಲಿ ನುಗ್ಗಿ ಒಂದು ಮುಳ್ಳನ್ನು ಎತ್ತುತ್ತದೆ, ಮುಳ್ಳು ತಿರುಗುವ ಉರುಳೆಯ ಮಸಿ ಕಾಗದದ ಮೇಲೆ ಗೀಚುತ್ತದೆ. ಓಡುವ ಕುದುರೆ ತನ್ನ ಹೆಜ್ಜೆಯ ಲೆಕ್ಕವನ್ನು ತಾನೇ ಬರೆದುಕೊಟ್ಟಂತಾಯಿತು. 1873ರಲ್ಲಿ ಮಾರೆ ಈ ಪ್ರಯೋಗಗಳನ್ನು ‘ಲಾ ಮಷೀನ್ ಅನಿಮಾಲ್’ ಎಂಬ ಪುಸ್ತಕದಲ್ಲಿ ವಿವರಿಸಿದ. ಓಟದ ನಡುವೆ ನಾಲ್ಕೂ ಕಾಲು ನೆಲ ಬಿಡುವ ಗಳಿಗೆ ಉಂಟೆಂದು ಆ ಮಸಿಗೆರೆಗಳೇ ಹೇಳಿದ್ದವು. ಕ್ಯಾಲಿಫೋರ್ನಿಯಾದ ಶ್ರೀಮಂತ ಲೆಲ್ಯಾಂಡ್ ಸ್ಟ್ಯಾನ್‌ಫರ್ಡ್ ಅದರಿಂದ ಪ್ರೇರಿತನಾದ. ಅವನ ಹಣದಲ್ಲಿ ಎಡ್ವರ್ಡ್ ಮೈಬ್ರಿಜ್ 1878ರ ಜೂನ್‌ನಲ್ಲಿ ಪಾಲೊ ಆಲ್ಟೊದಲ್ಲಿ 12 ಕ್ಯಾಮೆರಾಗಳ ಸಾಲು ನಿಲ್ಲಿಸಿ ಅದನ್ನು ಫೋಟೊದಲ್ಲೇ ತೋರಿಸಿದ. ಮೈಬ್ರಿಜ್‌ನ ಹೆಸರು ಎಲ್ಲರಿಗೂ ಗೊತ್ತು. ಮಾರೆಯ ಚೆಂಡು-ಕೊಳವೆಗಳನ್ನು ನೆನೆಯುವವರು ಕಡಿಮೆ. ನನ್ನ ಮಟ್ಟಿಗೆ ದೇಹಕ್ಕೆ ಕಟ್ಟಿಕೊಂಡು ಓಡುವ ಸೆನ್ಸರ್‌ಗಳ ಚರಿತ್ರೆ ಶುರುವಾಗಬೇಕಾದದ್ದು ಅಲ್ಲಿಂದ.

ಆ ಪ್ರಯೋಗದಲ್ಲಿ ಯಂತ್ರ ಹಿಡಿದು ಕುಳಿತಿದ್ದ ಸವಾರನನ್ನು ಮಾತ್ರ ಯಾರೂ ಅಳೆಯಲಿಲ್ಲ. ಅವನು ಹೊರೆ, ಉಪಕರಣ ಹೊತ್ತ ಕೈ, ಅಷ್ಟೆ. ಅವನ ಸೊಂಟ, ಬೆನ್ನು, ತೊಡೆಗಳನ್ನೂ ಹಾಗೆಯೇ ಬಯಲಿನಲ್ಲಿ ಅಳೆಯುವ ಹೊತ್ತಿಗೆ ಶತಮಾನವೇ ಉರುಳಿತ್ತು.

ಸವಾರನ ಭಂಗಿಯ ಬಗ್ಗೆ ಮಾತಿಗೇನೂ ಬರವಿರಲಿಲ್ಲ. ಕ್ರಿಸ್ತಪೂರ್ವ ನಾಲ್ಕನೆಯ ಶತಮಾನದಲ್ಲೇ ಗ್ರೀಕ್ ಸೇನಾನಿ ಕ್ಸೆನೋಫೋನ್ ಕುದುರೆ ಸವಾರಿಯ ಬಗ್ಗೆ ಪುಸ್ತಕ ಬರೆದ. ಪೀಠದ ಮೇಲೆ ಕೂತ ಹಾಗೆ ಕುದುರೆಯ ಮೇಲೆ ಕೂರುವುದು ಅವನಿಗೆ ಒಪ್ಪಿಗೆಯಿರಲಿಲ್ಲ. ಕಾಲು ಅಗಲಿಸಿ ನೆಟ್ಟಗೆ ನಿಂತವನ ನಿಲುವು ಸವಾರನಿಗಿರಬೇಕು ಎಂಬುದು ಅವನ ಮತ. ಆಮೇಲಿನ ಯೂರೋಪಿನ ಗುರುಗಳು ಇದನ್ನು ಒಂದು ಲಂಬರೇಖೆಗೆ ಇಳಿಸಿದರು. ಪಕ್ಕದಿಂದ ನೋಡಿದರೆ ಕಿವಿ, ಭುಜ, ಸೊಂಟ, ಹಿಮ್ಮಡಿ ನಾಲ್ಕೂ ಒಂದೇ ಗೆರೆಯಲ್ಲಿರಬೇಕು. ಇಂದಿಗೂ ಸವಾರಿ ಶಾಲೆಗಳಲ್ಲಿ ಮೊದಲ ದಿನ ಕಿವಿಗೆ ಬೀಳುವ ಪಾಠ ಇದೇ. ‘ಬೆನ್ನು ನೇರ ಮಾಡು, ಹಿಮ್ಮಡಿ ಕೆಳಗಿಳಿಸು, ಕುದುರೆಯ ಕತ್ತು ನೋಡಬೇಡ, ಮುಂದೆ ನೋಡು.’ ಪಾಠ ಹೇಳುವವರು ಮೈದಾನದ ನಡುವೆ ನಿಂತು ಕಣ್ಣಳತೆಯಲ್ಲೇ ತಿದ್ದುತ್ತಾರೆ. ನುರಿತ ಕಣ್ಣಿಗೆ ಬಹಳಷ್ಟು ಕಾಣುತ್ತದೆ ಎನ್ನುವುದರಲ್ಲಿ ಅನುಮಾನವಿಲ್ಲ. ಕಾಣದೇ ಉಳಿಯುವುದು ಎಷ್ಟು ಎಂಬುದು ಪ್ರಶ್ನೆ.

ಕುದುರೆಯ ಟ್ರಾಟ್ ನಡೆಯನ್ನೇ ತೆಗೆದುಕೊಳ್ಳಿ. ಬಲ ಮುಂಗಾಲು ಎಡ ಹಿಂಗಾಲು ಒಂದು ಜೋಡಿ, ಎಡ ಮುಂಗಾಲು ಬಲ ಹಿಂಗಾಲು ಇನ್ನೊಂದು. ಜೋಡಿಗಳು ಸರದಿಯಲ್ಲಿ ನೆಲ ಒದೆಯುತ್ತವೆ, ನಡುನಡುವೆ ಕುದುರೆ ಗಾಳಿಯಲ್ಲಿರುತ್ತದೆ. ಒಂದು ಪೂರ್ತಿ ಹೆಜ್ಜೆಗೆ ಸುಮಾರು ಮುಕ್ಕಾಲು ಸೆಕೆಂಡು. ಅಷ್ಟರಲ್ಲಿ ಬೆನ್ನು ಎರಡು ಸಲ ಮೇಲೆದ್ದು ಎರಡು ಸಲ ಇಳಿದಿರುತ್ತದೆ. ಅಂದರೆ ಒಂದೊಂದು ಕುಲುಕಿಗೆ ಸಿಗುವುದು ಸೆಕೆಂಡಿನ ಮೂರನೇ ಒಂದು ಭಾಗಕ್ಕಿಂತ ತುಸು ಹೆಚ್ಚು ಕಾಲ. ಸವಾರನ ಸೊಂಟ ಆ ಕುಲುಕಿಗೆ ಸರಿಯಾಗಿ ಸ್ಪಂದಿಸಿತೋ ಒಂದು ಚೂರು ತಡಮಾಡಿತೋ ಎಂಬುದು ಇಪ್ಪತ್ತು ಮಿಲಿಸೆಕೆಂಡಿನ ಪ್ರಶ್ನೆ. ಸಾಮಾನ್ಯ ವಿಡಿಯೊದಲ್ಲಿ ಒಂದು ಚಿತ್ರಕ್ಕೂ ಮುಂದಿನದಕ್ಕೂ ನಡುವೆಯೇ ನಲವತ್ತು ಮಿಲಿಸೆಕೆಂಡು ಕಳೆದಿರುತ್ತದೆ. ಕಣ್ಣಿನ ಪಾಡು ಇದಕ್ಕಿಂತ ಮೇಲೇನಲ್ಲ.

ಕಣ್ಣಿನ ಮಿತಿಯನ್ನು ಪಶುವೈದ್ಯರು ತಮ್ಮ ಮೇಲೆಯೇ ಪರೀಕ್ಷಿಸಿಕೊಂಡದ್ದೂ ಉಂಟು. ಅಮೆರಿಕದ ಮಿಸೌರಿ ವಿಶ್ವವಿದ್ಯಾಲಯದ ಕೆವಿನ್ ಕೀಗನ್ ಮತ್ತು ಸಂಗಡಿಗರು 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಅನುಭವಿ ವೈದ್ಯರು ಕುದುರೆಗಳ ಕುಂಟು ಗುರುತಿಸಬೇಕಿತ್ತು. ಕುಂಟು ಎದ್ದು ಕಾಣುವಂತಿದ್ದಾಗ ಶೇಕಡಾ 93ರಷ್ಟು ಸಲ ಅವರ ಅಭಿಪ್ರಾಯ ಒಂದಾಯಿತು. ಕುಂಟು ಸೂಕ್ಷ್ಮವಾದಾಗ ಒಮ್ಮತ ಶೇಕಡಾ 62ಕ್ಕೆ ಕುಸಿಯಿತು. ಕುಂಟಿದೆಯೋ ಇಲ್ಲವೋ ಎಂಬುದಕ್ಕೆ ನಾಣ್ಯ ಚಿಮ್ಮಿದ್ದರೂ ಅರ್ಧದಷ್ಟು ಸಲ ಹೊಂದುತ್ತಿತ್ತು. ಕೀಗನ್ ತಂಡ ಇದಕ್ಕೆ ಪರಿಹಾರವಾಗಿ ರೂಪಿಸಿದ್ದು ಮೂರು ಪುಟ್ಟ ಸೆನ್ಸರ್‌ಗಳ ವ್ಯವಸ್ಥೆ: ಒಂದು ಕುದುರೆಯ ತಲೆಗೆ, ಒಂದು ಹಿಂಭಾಗದ ಸೊಂಟದ ಮೇಲೆ, ಒಂದು ಬಲ ಮುಂಗಾಲಿಗೆ. ಅದು ಈಗ ಹಲವು ದೇಶಗಳ ಕುದುರೆ ಆಸ್ಪತ್ರೆಗಳಲ್ಲಿ ಬಳಕೆಯಲ್ಲಿದೆ.

ಸೆನ್ಸರ್‌ಗೆ ಮುಂಚೆ ಪ್ರಯೋಗಾಲಯದ ಕ್ಯಾಮೆರಾಗಳಿದ್ದವು, ಈಗಲೂ ಇವೆ. ಸವಾರನ ಮೈಗೆ ಹೊಳೆಯುವ ಬಿಂದುಗಳನ್ನು ಅಂಟಿಸಿ, ಸುತ್ತ ಹತ್ತಾರು ಕ್ಯಾಮೆರಾ ಇಟ್ಟರೆ ಮಿಲಿಮೀಟರ್ ಲೆಕ್ಕದಲ್ಲಿ ಚಲನೆ ಸಿಗುತ್ತದೆ. ನಿಖರತೆಯಲ್ಲಿ ಅದನ್ನು ಮೀರಿಸಿದ್ದಿಲ್ಲ. ಆದರೆ ಕುದುರೆಯ ಪಳಗಿದ ನಡೆಗಳಿಗೆ ಅಂಕ ಕೊಡುವ ಡ್ರೆಸಾಜ್ ಸ್ಪರ್ಧೆಯ ಅಂಗಳ 60 ಮೀಟರ್ ಉದ್ದ, 20 ಮೀಟರ್ ಅಗಲ. ಕ್ಯಾಮೆರಾಗಳ ಹಿಡಿತಕ್ಕೆ ಸಿಗುವುದು ಅದರಲ್ಲೊಂದು ತುಣುಕು. ಹಾಗಾಗಿ ಕುದುರೆಯನ್ನೇ ಟ್ರೆಡ್‌ಮಿಲ್ ಮೇಲೆ ಓಡಿಸುತ್ತಿದ್ದರು. ಜ್ಯೂರಿಕ್‌ನಲ್ಲಿ ಹೀಗೆ ಒಳ್ಳೆಯ ಅಧ್ಯಯನಗಳಾಗಿವೆ. ತಿರುವಿಲ್ಲದ, ಮರಳಿಲ್ಲದ, ಎಲ್ಲಿಗೂ ಹೋಗದ ಸವಾರಿ ಅದು. ಇನ್ನೊಂದು ತೊಡಕು ಸವಾರಿಯದ್ದೇ: ಮುಖ್ಯ ಕೆಲಸವೆಲ್ಲ ನಡೆಯುವುದು ಸೊಂಟದಲ್ಲಿ, ಆ ಸೊಂಟ ಜೀನಿನೊಳಗೆ ಹೂತಿರುತ್ತದೆ, ಮೇಲೆ ಕೋಟು ಬೇರೆ. ಅಂಥಲ್ಲಿ ಕ್ಯಾಮೆರಾ ಏನು ಮಾಡೀತು?

ಈ ತೊಡಕು ಬಿಡಿಸಿದ ಚಿಪ್ ಹುಟ್ಟಿದ್ದು ಕುದುರೆಗಾಗಿ ಅಲ್ಲ, ಕಾರಿಗಾಗಿ. 1990ರ ದಶಕದ ಆರಂಭದಲ್ಲಿ ಕಾರಿನ ಏರ್‌ಬ್ಯಾಗ್ ಬಿಚ್ಚಿಕೊಳ್ಳಬೇಕಾದ ಕ್ಷಣವನ್ನು ತಿಳಿಯಲು ಸಿಲಿಕಾನ್ ಚಿಪ್‌ನಲ್ಲೇ ಕೆತ್ತಿದ ವೇಗೋತ್ಕರ್ಷ ಮಾಪಕಗಳು ಮಾರುಕಟ್ಟೆಗೆ ಬಂದವು. ಮುಂದೆ ಅವು ಫೋನಿಗೆ ಬಂದವು, ಕೋಟಿಗಟ್ಟಲೆ ತಯಾರಾಗಿ ಅಗ್ಗವಾದವು. ನಿಮ್ಮ ಜೇಬಿನ ಫೋನನ್ನು ಅಡ್ಡ ಹಿಡಿದಾಗ ಚಿತ್ರವೂ ಅಡ್ಡ ತಿರುಗುವುದು ಇವುಗಳಿಂದಲೇ. ಸಿಲಿಕಾನ್‌ನ ಸಣ್ಣದೊಂದು ತುಂಡು ಕೂದಲಿಗಿಂತ ತೆಳ್ಳಗಿನ ಸ್ಪ್ರಿಂಗುಗಳಿಗೆ ಜೋತುಬಿದ್ದಿರುತ್ತದೆ. ಚಿಪ್ ವೇಗ ಬದಲಿಸಿದಾಗ ಆ ತುಂಡು ಜಡತ್ವದಿಂದ ಹಿಂದುಳಿಯುತ್ತದೆ. ಅದರ ಅಂಚಿನ ಹಲ್ಲುಗಳಿಗೂ ಚೌಕಟ್ಟಿನ ಹಲ್ಲುಗಳಿಗೂ ನಡುವಿನ ಅಂತರ ಬದಲಾಗಿ, ಅಲ್ಲಿ ಹಿಡಿದಿಟ್ಟ ವಿದ್ಯುದಾವೇಶ ವ್ಯತ್ಯಾಸವಾಗುತ್ತದೆ. ಅದನ್ನು ಅಳೆದರೆ ವೇಗೋತ್ಕರ್ಷ ತಿಳಿಯಿತು. ಪಕ್ಕದಲ್ಲೇ ಇರುವ ಜೈರೋಸ್ಕೋಪ್ ತಿರುಗುವಿಕೆಯನ್ನು ಅಳೆಯುತ್ತದೆ. ಅದರಲ್ಲೂ ಒಂದು ತುಂಡು ಸದಾ ಕಂಪಿಸುತ್ತಿರುತ್ತದೆ. ಚಿಪ್ ತಿರುಗಿದೊಡನೆ ಕಂಪನ ಪಕ್ಕಕ್ಕೆ ವಾಲುತ್ತದೆ. ಕೊರಿಯೊಲಿಸ್ 1835ರಲ್ಲಿ ವಿವರಿಸಿದ ಪರಿಣಾಮವೇ ಅದು. ಇವೆರಡರ ಜೊತೆಗೆ ಭೂಮಿಯ ಕಾಂತಕ್ಷೇತ್ರ ಗ್ರಹಿಸುವ ಮೂರನೆಯ ಮಾಪಕವೊಂದಿದ್ದರೆ ಸೆಟ್ ಪೂರ್ತಿ. ಬೆಂಕಿಪೊಟ್ಟಣದ ಗಾತ್ರದ ಡಬ್ಬಿಯಲ್ಲಿ ಎಲ್ಲವೂ ಸೇರಿ, ಸೆಕೆಂಡಿಗೆ ನೂರು ಇನ್ನೂರು ಸಲ ಲೆಕ್ಕ ಬರೆದುಕೊಳ್ಳುತ್ತವೆ.

ಇಷ್ಟಿದ್ದರೆ ಸಾಕೆಂದು ಕಂಡರೂ ಕುದುರೆಯ ಮೇಲೆ ಪ್ರತಿಯೊಂದು ಮಾಪಕವೂ ತನ್ನದೇ ರೀತಿಯಲ್ಲಿ ಸುಳ್ಳು ಹೇಳುತ್ತದೆ. ಸುಮ್ಮನೆ ಕೂತ ಮನುಷ್ಯನ ಬೆನ್ನಿಗೆ ವೇಗೋತ್ಕರ್ಷ ಮಾಪಕ ಕಟ್ಟಿದರೆ ಅದು ಗುರುತ್ವವನ್ನು, ಅಂದರೆ ಸೆಕೆಂಡಿನ ವರ್ಗಕ್ಕೆ 9.8 ಮೀಟರ್ ಎಂಬ ಅಂಕಿಯನ್ನು, ತೋರಿಸುತ್ತದೆ. ಆ ಸೆಳೆತದ ದಿಕ್ಕು ನೋಡಿ ಬೆನ್ನು ಎಷ್ಟು ಡಿಗ್ರಿ ವಾಲಿದೆ ಎಂದು ಹೇಳಬಹುದು. ಟ್ರಾಟ್ ಶುರುವಾದೊಡನೆ ಆ ಲೆಕ್ಕ ಕೆಡುತ್ತದೆ. ಗೊರಸು ನೆಲಕ್ಕೆ ಬಡಿದಾಗ ಅಂಕಿ ಗುರುತ್ವವನ್ನು ಮೀರಿ ಜಿಗಿಯುತ್ತದೆ, ಕುದುರೆ ಗಾಳಿಯಲ್ಲಿರುವಾಗ ಬಹುತೇಕ ಸೊನ್ನೆಗಿಳಿಯುತ್ತದೆ. ಕೆಳಗು ಯಾವುದು ಎಂಬುದೇ ಅದಕ್ಕೆ ಗೊತ್ತಾಗದು. ಜೈರೋಸ್ಕೋಪ್‌ಗೆ ಕುಲುಕಿನ ಹಂಗಿಲ್ಲ, ಆದರೆ ಅದು ನಿಧಾನವಾಗಿ ದಾರಿ ತಪ್ಪುತ್ತದೆ. ಸೆಕೆಂಡಿಗೆ ಒಂದು ಡಿಗ್ರಿಯ ಹತ್ತನೇ ಒಂದರಷ್ಟು ತಪ್ಪಿದರೂ ನಿಮಿಷಕ್ಕೆ 6 ಡಿಗ್ರಿ ಆಯಿತು. ನೆಟ್ಟಗೆ ಕೂತ ಸವಾರ ಕಾಗದದ ಮೇಲೆ ವಾಲಿಬಿಟ್ಟ. ವೇಗೋತ್ಕರ್ಷದಿಂದ ಸ್ಥಾನವನ್ನು ಲೆಕ್ಕ ಹಾಕಹೊರಟರೆ ಫಜೀತಿ ಇನ್ನೂ ದೊಡ್ಡದು. ಅಂಕಿಯಲ್ಲಿ ಸೆಕೆಂಡಿನ ವರ್ಗಕ್ಕೆ ಒಂದು ಸೆಂಟಿಮೀಟರ್ ಸ್ಥಿರ ದೋಷವಿದ್ದರೆ ಒಂದೇ ನಿಮಿಷದಲ್ಲಿ ಸವಾರ 18 ಮೀಟರ್ ಆಚೆ ಹೋಗಿ ಕೂತಿರುತ್ತಾನೆ, ಕುದುರೆ ಇಲ್ಲೇ ಉಳಿದಿರುತ್ತದೆ. ಇನ್ನು ಕಾಂತಮಾಪಕ. ಒಳಾಂಗಣ ಅಂಗಳದ ಉಕ್ಕಿನ ತೊಲೆಗಳು, ಕಬ್ಬಿಣದ ರಿಕಾಬು, ಗೊರಸಿನ ಲಾಳ ಯಾವುದಾದರೂ ಹತ್ತಿರ ಬಂದರೆ ಅದರ ಉತ್ತರ ದಿಕ್ಕು ಬದಲಾಗುತ್ತದೆ.

ಹಾಗಾಗಿ ಮೂರನ್ನೂ ಒಂದರ ಮೇಲೊಂದು ಕಾವಲಿಗೆ ಹಾಕುತ್ತಾರೆ. ಕ್ಷಣಕ್ಷಣದ ಬದಲಾವಣೆಗೆ ಜೈರೋಸ್ಕೋಪ್‌ನ ಮಾತು. ಅದು ದೂರ ಸರಿಯದಂತೆ ಹಿಡಿದಿಡಲು ಗುರುತ್ವದ ದೀರ್ಘಾವಧಿ ಸರಾಸರಿ. ಈ ಪಂಚಾಯಿತಿ ನಡೆಸುವ ಗಣಿತದ ಮೂಲ 1960ರಲ್ಲಿ ರುಡಾಲ್ಫ್ ಕಾಲ್ಮನ್ ಪ್ರಕಟಿಸಿದ ವಿಧಾನದಲ್ಲಿದೆ. ಚಂದ್ರನತ್ತ ಹೊರಟ ಅಪೊಲೊ ನೌಕೆಗಳ ದಾರಿ ಲೆಕ್ಕಕ್ಕೂ ಅದೇ ಬಳಕೆಯಾಗಿತ್ತು. ಸವಾರಿಗೆ ಒಂದು ಅನುಕೂಲವೂ ಉಂಟು: ಹೆಜ್ಜೆ ಮತ್ತೆ ಮತ್ತೆ ಅದೇ ಲಯದಲ್ಲಿ ಬರುತ್ತದೆ. ಸಮತಟ್ಟಿನಲ್ಲಿ ಸಮವೇಗದಲ್ಲಿ ಸಾಗುವ ಕುದುರೆಯ ಬೆನ್ನು ಒಂದು ಹೆಜ್ಜೆ ಮುಗಿಸಿದಾಗ ಶುರುವಿನ ಎತ್ತರಕ್ಕೇ ಮರಳಬೇಕಷ್ಟೆ. ಆ ಷರತ್ತು ಹೇರಿ ಹೆಜ್ಜೆಹೆಜ್ಜೆಗೂ ಲೆಕ್ಕವನ್ನು ಹೊಸದಾಗಿ ಶುರುಮಾಡಿದರೆ ದೋಷ ಬೆಳೆಯಲು ಸಮಯವೇ ಸಿಗುವುದಿಲ್ಲ.

ಡಬ್ಬಿಗಳನ್ನು ಎಲ್ಲಿ ಕಟ್ಟಬೇಕು ಎಂಬುದೂ ಒಂದು ವಿದ್ಯೆ. ನೆದರ್‌ಲೆಂಡ್ಸ್‌ನ ಎಕ್ಸ್‌ಸೆನ್ಸ್ ಕಂಪನಿಯ ಪೂರ್ಣ ಉಡುಪಿನಲ್ಲಿ 17 ಸೆನ್ಸರ್‌ಗಳಿರುತ್ತವೆ. ಸಿನಿಮಾ ಅನಿಮೇಷನ್‌ಗೂ ಬಳಕೆಯಾಗುವ ಆ ಉಡುಪನ್ನೇ ತೊಡಿಸಿ ಜರ್ಮನಿಯ ಸಂಶೋಧಕರು ಡ್ರೆಸಾಜ್ ಸವಾರರನ್ನು ಅಳೆದಿದ್ದಾರೆ. ಬಹಳ ಪ್ರಶ್ನೆಗಳಿಗೆ ಅಷ್ಟೆಲ್ಲ ಬೇಕಿಲ್ಲ. ಬೆನ್ನುಮೂಳೆಯ ಬುಡದಲ್ಲಿ, ಪೃಷ್ಠಗಳಿಗಿಂತ ತುಸು ಮೇಲೆ ನಡುವಿನಲ್ಲಿರುವ ಚಪ್ಪಟೆ ಮೂಳೆಯ ಮೇಲೊಂದು, ಎದೆಮೂಳೆಯ ಮೇಲೊಂದು, ಕುದುರೆಯ ಮುಂಡಕ್ಕೆ ಅಥವಾ ಜೀನಿಗೊಂದು ಇದ್ದರೆ ಅರ್ಧ ಕಥೆ ಸಿಕ್ಕಿತು. ಬಿಗಿಯಾಗಿ ಕಟ್ಟಬೇಕು. ಸಡಿಲ ಪಟ್ಟಿಯ ಡಬ್ಬಿ ಅಳೆಯುವುದು ಪಟ್ಟಿಯ ಕುಲುಕಾಟವನ್ನು. ಬಿಗಿಯಾಗಿ ಕಟ್ಟಿದರೂ ಚರ್ಮ, ಸ್ನಾಯು ಮೂಳೆಯ ಮೇಲೆ ಜಾರುವ ದೋಷ ಸ್ವಲ್ಪವಾದರೂ ಉಳಿಯುತ್ತದೆ.

ಕುದುರೆ ಮತ್ತು ಸವಾರ ಇಬ್ಬರ ಗೆರೆಗಳನ್ನೂ ಒಂದೇ ಗಡಿಯಾರಕ್ಕೆ ಜೋಡಿಸಿ ನೋಡಿದಾಗ ಮೊದಲು ಬಿದ್ದುಹೋದದ್ದು ‘ಅಲುಗದೆ ಕೂತಿದ್ದಾನೆ’ ಎಂಬ ಹೊಗಳಿಕೆ. ಒಳ್ಳೆಯ ಸವಾರ ಟ್ರಾಟ್‌ನಲ್ಲಿ ಜೀನಿಗೆ ಅಂಟಿದಂತೆ ಕಾಣುತ್ತಾನೆ, ತಲೆ ಭುಜಗಳು ತೇಲುತ್ತಿರುತ್ತವೆ. ಆದರೆ ಅವನ ಸೊಂಟದ ಮೇಲಿನ ಸೆನ್ಸರ್ ನೋಡಿದರೆ ಅಲ್ಲಿ ಬಿಡುವಿಲ್ಲದ ಅಲೆಗಳು. ಜ್ಯೂರಿಕ್‌ನ ಟ್ರೆಡ್‌ಮಿಲ್ ಮೇಲೆ ಉನ್ನತ ದರ್ಜೆಯ ಸವಾರರನ್ನು ಕ್ಯಾಮೆರಾದಲ್ಲಿ ಅಳೆದ 2009ರ ಅಧ್ಯಯನದಲ್ಲೂ ಇದೇ ಕಂಡಿತ್ತು. ಗೊರಸು ಊರಿ ಕುದುರೆಯ ಮೈ ತಗ್ಗುವಾಗ ಜೀನು ಮುಂದಕ್ಕೆ ಬಾಗುತ್ತದೆ, ಸವಾರನ ಸೊಂಟ ಅದೇ ಹೊತ್ತಿಗೆ ಅದರ ವಿರುದ್ಧ ದಿಕ್ಕಿಗೆ ಹೊರಳುತ್ತದೆ. ಸೊಂಟದ ಮೇಲಿನ ಬೆನ್ನುಮೂಳೆ ಬಾಗಿ ಚಾಚಿ ಉಳಿದದ್ದನ್ನು ನುಂಗಿಕೊಳ್ಳುತ್ತದೆ. ನೀರಿನ ಕೊಡ ಹೊತ್ತು ನಡೆಯುವ ಹೆಣ್ಣುಮಗಳ ಕೊಡದಲ್ಲಿ ನೀರು ತುಳುಕದಿರುವುದು ಅವಳ ಸೊಂಟ ದುಡಿಯುವುದರಿಂದಲೇ ಅಲ್ಲವೇ? ಇಲ್ಲೂ ಅದೇ. ಬಿಗಿದುಕೊಂಡು ಕೂತ ಹೊಸಬನ ತಲೆ ಅಲುಗಾಡುತ್ತದೆ, ಸೊಂಟ ಸಡಿಲ ಬಿಟ್ಟು ದುಡಿಸುವವನದ್ದು ನಿಲ್ಲುತ್ತದೆ.

ಲಂಬರೇಖೆಯ ಪಾಠಕ್ಕೂ ಇದರಿಂದ ಪೆಟ್ಟು ಬಿತ್ತು. ಕಿವಿ, ಭುಜ, ಸೊಂಟ, ಹಿಮ್ಮಡಿ ಒಂದೇ ಗೆರೆಗೆ ಬರುವುದು ಹೆಜ್ಜೆಯ ಕೆಲವೇ ಕ್ಷಣಗಳಲ್ಲಿ. ಉಳಿದ ಹೊತ್ತು ಆ ಗೆರೆ ಅತ್ತಿತ್ತ ತೂಗುತ್ತಲೇ ಇರುತ್ತದೆ. ಫೋಟೊ ತೆಗೆದವನು ಯಾವ ಕ್ಷಣ ಗುಂಡಿ ಒತ್ತಿದ ಎನ್ನುವುದರ ಮೇಲೆ ಸವಾರನ ಭಂಗಿ ಸರಿಯೋ ತಪ್ಪೋ ತೀರ್ಮಾನವಾಗುತ್ತಿತ್ತು ಎಂದರೆ ಉತ್ಪ್ರೇಕ್ಷೆಯಲ್ಲ.

ಹೊಸಬರಿಗೂ ಪಳಗಿದವರಿಗೂ ವ್ಯತ್ಯಾಸ ಎಲ್ಲಿದೆ? ಜರ್ಮನಿಯ ಮ್ಯೂನ್ಟ್ಸ್, ಎಕಾರ್ಟ್ ಮತ್ತು ವಿಟೆ 2014ರಲ್ಲಿ ಸವಾರನ ಸೊಂಟಕ್ಕೂ ಕುದುರೆಯ ಮುಂಡಕ್ಕೂ ಸೆನ್ಸರ್ ಕಟ್ಟಿ ಹುಡುಕಿದ ಉತ್ತರ ಹೀಗಿದೆ: ವೃತ್ತಿಪರರ ಸೊಂಟ ನಡುಸ್ಥಾನಕ್ಕೆ ಹತ್ತಿರ, ತುಸು ಮುಂದಕ್ಕೆ ಬಾಗಿದ ನಿಲುವಿನಲ್ಲಿ ಇರುತ್ತದೆ. ಹೊಸಬರದು ಹಿಂದಕ್ಕೂ ಬಲಕ್ಕೂ ವಾಲಿರುತ್ತದೆ. ಇದಕ್ಕಿಂತ ನನಗೆ ರುಚಿಸಿದ್ದು ಲಗಾರ್ಡ್, ಪೆಹಾಮ್, ಲಿಕಾ, ಕೆಲ್ಸೊ ನಾಲ್ವರ 2005ರ ಅಧ್ಯಯನ. ಅದು ಭಂಗಿಯ ಗೊಡವೆ ಬಿಟ್ಟು ತಾಳ ನೋಡಿತು. ಪಳಗಿದ ಸವಾರನ ಚಲನೆ ಕುದುರೆಯ ಚಲನೆಯೊಂದಿಗೆ ಬಿಡದೆ ಜೊತೆ ಹಿಡಿದಿತ್ತು. ಹೊಸಬನಿಗೆ ಅದು ಸಾಧ್ಯವಾಗಲಿಲ್ಲ. ಅಷ್ಟೇ ಆಗಿದ್ದರೆ ಆಶ್ಚರ್ಯವಿರಲಿಲ್ಲ. ಪಳಗಿದವನು ಮೇಲಿದ್ದಾಗ ಕುದುರೆಯ ಹೆಜ್ಜೆಯೇ ಹೆಚ್ಚು ಒಂದೇ ಸಮನಾಯಿತು. ಅಂದರೆ ಸವಾರನ ಗುಣವನ್ನು ಕುದುರೆಯ ಬೆನ್ನಿನ ಮೇಲಿನ ಸೆನ್ಸರ್‌ನಲ್ಲೇ ಓದಬಹುದು. ನನಗನ್ನಿಸುವಂತೆ ಈ ಇಡೀ ಕ್ಷೇತ್ರದ ತಿರುಳು ಇಲ್ಲಿದೆ. ಸವಾರನನ್ನು ಒಂಟಿಯಾಗಿ ಅಳೆದು ಬರುವ ಡಿಗ್ರಿ ಲೆಕ್ಕ ಅರ್ಧ ಲೆಕ್ಕ.

ಇಬ್ಬರನ್ನೂ ಒಟ್ಟಿಗೆ ಅಳೆಯಬೇಕು ಎಂಬುದಕ್ಕೆ ರೇಸ್ ಕುದುರೆಯ ವಿಷಯದಲ್ಲಿ ಬಲವಾದ ಸಾಕ್ಷ್ಯ ಸಿಕ್ಕಿತು. 1897ರಲ್ಲಿ ಟಾಡ್ ಸ್ಲೋನ್ ಎಂಬ ಅಮೆರಿಕನ್ ಜಾಕಿ ಇಂಗ್ಲೆಂಡಿಗೆ ಬಂದ. ರಿಕಾಬು ಗಿಡ್ಡ ಮಾಡಿ, ಮಂಡಿ ಮಡಚಿ, ಜೀನಿನಿಂದ ಮೇಲೆದ್ದು, ಕುದುರೆಯ ಕತ್ತಿನ ಮೇಲೆ ಮುದುಡಿಕೊಂಡು ಓಡಿಸುತ್ತಿದ್ದ. ಉದ್ದ ಕಾಲು ಇಳಿಬಿಟ್ಟು ಗಂಭೀರವಾಗಿ ಕೂರುವುದೇ ಸವಾರಿ ಎಂದುಕೊಂಡಿದ್ದ ಇಂಗ್ಲಿಷರು ಕೋಲಿನ ಮೇಲಿನ ಮಂಗ ಎಂದು ನಕ್ಕರು. ಅವನು ಗೆಲ್ಲತೊಡಗಿದ ಮೇಲೆ ನಗುವುದು ಬಿಟ್ಟು ಅನುಕರಿಸಿದರು. ಬೆಂಗಳೂರಿನ ರೇಸ್‌ಕೋರ್ಸಿನಲ್ಲಿ, ಮೈಸೂರಿನಲ್ಲಿ ಇಂದು ಕಾಣುವ ಜಾಕಿಗಳ ಭಂಗಿ ಅದರದ್ದೇ ಮುಂದುವರಿಕೆ.

ಮುದುಡಿ ಕೂತರೆ ಕುದುರೆ ಜೋರಾಗಿ ಓಡುವುದೇಕೆ? ಗಾಳಿಯ ತಡೆ ಕಡಿಮೆಯಾಗುವುದರಿಂದ ಎಂದು ಬಹಳ ಕಾಲ ಹೇಳುತ್ತಿದ್ದರು. ಲಂಡನ್ನಿನ ರಾಯಲ್ ವೆಟರ್ನರಿ ಕಾಲೇಜಿನ ಥಿಲೊ ಫಾವ್, ಆಲನ್ ವಿಲ್ಸನ್ ಮತ್ತು ಸಂಗಡಿಗರು ಜಾಕಿಗೂ ಕುದುರೆಗೂ ಚಲನೆಯ ಸೆನ್ಸರ್ ಮತ್ತು ಜಿಪಿಎಸ್ ಕಟ್ಟಿ ಗ್ಯಾಲಪ್, ಅಂದರೆ ನಾಗಾಲೋಟ, ಓಡಿಸಿದರು. 2009ರ ಜುಲೈನಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂದ ಅವರ ಲೇಖನ ಬೇರೆಯೇ ಕಾರಣ ಮುಂದಿಟ್ಟಿತು. ಗ್ಯಾಲಪ್‌ನಲ್ಲಿ ಕುದುರೆಯ ಮುಂಡ ಒಂದೇ ವೇಗದಲ್ಲಿ ಹರಿಯುವುದಿಲ್ಲ. ಪ್ರತಿ ಹೆಜ್ಜೆಯಲ್ಲೂ ಮೇಲೆದ್ದು ಇಳಿಯುತ್ತದೆ, ಮುಂದಕ್ಕೆ ಜಗ್ಗಿ ಹಿಂದಕ್ಕೆ ತಡೆಯುತ್ತದೆ. ಜೀನಿಗೆ ಅಂಟಿ ಕೂತ ಸವಾರನನ್ನೂ ಅದು ಹೀಗೆಯೇ ಎತ್ತಬೇಕು, ತಡೆಯಬೇಕು, ಮತ್ತೆ ದೂಡಬೇಕು. ಸೆಕೆಂಡಿಗೆ ಎರಡು ಸಲಕ್ಕಿಂತ ಹೆಚ್ಚು. ಮುದುಡಿ ನಿಂತ ಜಾಕಿಯ ಮಂಡಿ, ಸೊಂಟಗಳು ಸ್ಪ್ರಿಂಗಿನಂತೆ ಮಡಚಿ ಬಿಚ್ಚಿ ಆ ಏರಿಳಿತವನ್ನು ಕಾಲಲ್ಲೇ ಉಳಿಸಿಕೊಳ್ಳುತ್ತವೆ. ಸೆನ್ಸರ್ ಗೆರೆಗಳಲ್ಲಿ ಕುದುರೆ ಎಷ್ಟು ಕುಲುಕಿದರೂ ಜಾಕಿಯ ಮೈ ಬಹುತೇಕ ಸಮವಾಗಿ ಮುಂದೆ ಸಾಗಿತ್ತು. ಕುದುರೆ ಅವನ ಭಾರವನ್ನು ಹೊರುತ್ತದೆ, ಆದರೆ ಹೆಜ್ಜೆಹೆಜ್ಜೆಗೂ ಆ ಭಾರವನ್ನು ಹಾರಿಸಬೇಕಿಲ್ಲ. ಸ್ಲೋನ್‌ನ ಶೈಲಿ ಹರಡಿದ 1900ರ ಆಸುಪಾಸಿನಲ್ಲಿ ದೊಡ್ಡ ರೇಸುಗಳ ಸಮಯ ಶೇಕಡಾ 5ರಿಂದ 7ರಷ್ಟು ಸುಧಾರಿಸಿತ್ತು ಎಂಬುದನ್ನು ಅದೇ ಲೇಖನ ಹಳೆಯ ದಾಖಲೆಗಳಿಂದ ಎತ್ತಿ ತೋರಿಸಿತು. ಕುದುರೆಗೆ ಉಳಿದ ಶ್ರಮ ಎಲ್ಲಿ ಹೋಯಿತು? ಜಾಕಿಯ ತೊಡೆಗೆ. ಮುದುಡಿ ನಿಲ್ಲುವುದು ಭಾರೀ ದೇಹದಂಡನೆಯ ಕೆಲಸ. ಅವನನ್ನು ಬರೀ ಹೊರೆ ಎಂದುಕೊಂಡವರು ಒಂದು ನಿಮಿಷ ಗೋಡೆಗೆ ಬೆನ್ನು ಕೊಡದೆ ಅರ್ಧ ಕೂತು ನೋಡಬಹುದು.

ಇಲ್ಲಿ ಜಾಕಿಯ ಜಾಣ್ಮೆ ಕುದುರೆಯಿಂದ ಬೇರ್ಪಡುವುದರಲ್ಲಿದೆ, ಡ್ರೆಸಾಜ್ ಸವಾರನದ್ದು ಕೂಡಿಕೊಳ್ಳುವುದರಲ್ಲಿ. ಎರಡನ್ನೂ ಬಲ್ಲವರು ಇವೆಂಟಿಂಗ್ ಸವಾರರು, ಏಕೆಂದರೆ ಆ ಸ್ಪರ್ಧೆಯಲ್ಲಿ ಡ್ರೆಸಾಜ್, ಕಾಡುಮೇಡಿನ ಓಟ, ತಡೆ ಜಿಗಿತ ಮೂರೂ ಇರುತ್ತವೆ. ಬೆಂಗಳೂರಿನ ಫವಾದ್ ಮಿರ್ಜಾ 2018ರ ಜಕಾರ್ತಾ ಏಷ್ಯನ್ ಕ್ರೀಡಾಕೂಟದಲ್ಲಿ ಇದರಲ್ಲೇ ಬೆಳ್ಳಿ ಗೆದ್ದರು, 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಫೈನಲ್ ತಲುಪಿ 23ನೆಯವರಾದರು. ಒಬ್ಬರೇ ಸವಾರರು ಕೆಲವೇ ದಿನಗಳ ಅಂತರದಲ್ಲಿ ಬೇರೆ ಬೇರೆ ರಿಕಾಬು ಉದ್ದದಲ್ಲಿ, ಬೇರೆ ಬೇರೆ ಸೊಂಟದ ನಡೆಯಲ್ಲಿ ಕೂರಬೇಕಾದ ಕ್ರೀಡೆಗೆ ‘ಸರಿಯಾದ ಭಂಗಿ’ ಎಂಬ ಒಂದೇ ಅಂಕಿ ಇರಲು ಸಾಧ್ಯವೇ?

ಭಂಗಿ ಬದಲಾದರೆ ಕುದುರೆಯ ಬೆನ್ನಿನ ಮೇಲಿನ ಬಲವೂ ಬದಲಾಗುತ್ತದೆ. ವಿಯೆನ್ನಾದ ಪೆಹಾಮ್ ತಂಡ ಜೀನಿನಡಿ ಒತ್ತಡ ಮಾಪಕದ ಹಾಸು ಇಟ್ಟು ಟ್ರಾಟ್‌ನಲ್ಲಿ ಅಳೆದಾಗ ಜೀನಿನ ಮೇಲೆ ಕೂತೇ ಇರುವುದರಲ್ಲಿ ಬಲ ಅತಿ ಹೆಚ್ಚು, ಹೆಜ್ಜೆಗೆ ತಕ್ಕಂತೆ ಎದ್ದು ಕೂರುವುದರಲ್ಲಿ ಸ್ವಲ್ಪ ಕಡಿಮೆ, ರಿಕಾಬಿನ ಮೇಲೆ ನಿಂತ ಭಂಗಿಯಲ್ಲಿ ಅತಿ ಕಡಿಮೆ ಎಂದು ತಿಳಿಯಿತು. ಎದ್ದು ಕೂರುವ ಟ್ರಾಟ್‌ಗೆ ಇನ್ನೊಂದು ಗುಟ್ಟೂ ಇದೆ. ಅದರಲ್ಲಿ ಸವಾರ ಒಂದು ಜೋಡಿ ಕಾಲಿಗೆ ಏಳುತ್ತಾನೆ, ಇನ್ನೊಂದು ಜೋಡಿಗೆ ಕೂರುತ್ತಾನೆ. ಸ್ವೀಡನ್ನಿನ ಸಂಶೋಧಕರು 2018ರಲ್ಲಿ ಸೆನ್ಸರ್ ಕಟ್ಟಿ ತೋರಿಸಿದಂತೆ ಅಷ್ಟರಿಂದಲೇ ಕುದುರೆಯ ಹಿಂಭಾಗದ ಏರಿಳಿತ ಎಡಬಲಗಳಲ್ಲಿ ಅಸಮವಾಗುತ್ತದೆ, ಹಿಂಗಾಲು ತುಸು ಕುಂಟಿದ ಹಾಗೆ ಗೆರೆ ಮೂಡುತ್ತದೆ. ಕುದುರೆ ಆರೋಗ್ಯವಾಗಿಯೇ ಇದೆ. ಕುಂಟಿಸಿದ್ದು ಸವಾರ.

ಇದರ ತಿರುಗುಮುರುಗೂ ನಿಜ. ಇಂಗ್ಲೆಂಡಿನ ನ್ಯೂಮಾರ್ಕೆಟ್‌ನಲ್ಲಿ ಲೀನೆ ಗ್ರೇವೆ ಮತ್ತು ಸೂ ಡೈಸನ್ ಜೀನು ಒಂದೇ ಕಡೆಗೆ ಜಾರುವ ಕುದುರೆಗಳನ್ನು ಪರೀಕ್ಷಿಸಿದರು. ಅಂಥ ಜೀನಿನ ಮೇಲೆ ಸವಾರ ಡೊಂಕಾಗಿ ಕೂತಿರುತ್ತಾನೆ, ತರಬೇತಿಯವರು ಅವನನ್ನೇ ಗದರುತ್ತಾರೆ. ಬಹಳ ಕುದುರೆಗಳಲ್ಲಿ ಮೂಲ ಕಾರಣ ಹಿಂಗಾಲಿನ ನೋವು ಎಂದು ಅವರು ಕಂಡುಕೊಂಡರು. ಮರಗಟ್ಟಿಸುವ ಚುಚ್ಚುಮದ್ದು ಕೊಟ್ಟು ನೋವು ತೆಗೆದಾಗ ಕುದುರೆಯ ನಡೆ ಸರಿಯಾಯಿತು, ಜೀನು ಜಾರುವುದು ನಿಂತಿತು. ಗದರಿಸಿಕೊಂಡ ಸವಾರ ಏನೂ ಮಾಡದೆಯೇ ನೇರವಾದ.

ಹಾಗೆಂದು ಸವಾರರು ಹುಟ್ಟಾ ನೇರ ಎಂದೇನಲ್ಲ. ಸೆಂಟ್ರಲ್ ಲ್ಯಾಂಕಾಷೈರ್ ವಿಶ್ವವಿದ್ಯಾಲಯದ ಸಾರಾ ಜೇನ್ ಹಾಬ್ಸ್ ಮತ್ತು ಸಂಗಡಿಗರು ನೂರಕ್ಕೂ ಹೆಚ್ಚು ಬಲಗೈ ಸವಾರರನ್ನು ಕುದುರೆಯಿಂದ ಕೆಳಗಿಳಿಸಿಯೇ ಅಳೆದಾಗ, ಸವಾರಿಯ ವರ್ಷಗಳು ಮತ್ತು ಸ್ಪರ್ಧೆಯ ಮಟ್ಟ ಏರಿದಂತೆ ದೇಹದ ಎಡಬಲ ಅಸಮತೆಯೂ ಏರುವ ಪ್ರವೃತ್ತಿ ಕಂಡಿತು. ಅಭ್ಯಾಸದಿಂದ ದೇಹ ನೇರವಾಗುತ್ತದೆ ಎಂದು ನಂಬಿದವರಿಗೆ ಇದು ಕಹಿ ಸುದ್ದಿ. ಅದೇ ಡೊಂಕಿನಲ್ಲಿ ಹತ್ತು ವರ್ಷ ಕೂತವನಿಗೆ ಡೊಂಕೇ ನೇರ ಅನ್ನಿಸುತ್ತದೆ. ನಿಜಕ್ಕೂ ನೇರ ಮಾಡಿದರೆ ಬೀಳುತ್ತೇನೆ ಎನ್ನುತ್ತಾನೆ. ಒಳಗಿನ ಅನಿಸಿಕೆಗೆ ಎದುರಾಗಿ ನಿಲ್ಲುವ ಅಂಕಿಯೊಂದು ಬೇಕಾಗುವುದು ಇಂಥಲ್ಲಿ. ಸೆನ್ಸರ್‌ನ ನಿಜವಾದ ಉಪಯೋಗ ಇದು ಎಂದು ನನ್ನ ಅಭಿಪ್ರಾಯ.

ಅದರ ದುರುಪಯೋಗವೂ ಇಲ್ಲಿಂದಲೇ ಶುರುವಾಗುತ್ತದೆ. ಸೊಂಟ ಇಷ್ಟು ಡಿಗ್ರಿ ವಾಲಿದರೆ ಕಂಪಿಸಿ ಎಚ್ಚರಿಸುವ ಪಟ್ಟಿ ಮಾಡುವುದು ಇಂದು ಕಷ್ಟವಲ್ಲ. ಕಲಿಯುವವರು ಆ ಕಂಪನ ನಿಲ್ಲಿಸಲು ಬೆನ್ನು ಬಿಗಿದುಕೊಂಡರೆ ಅಂಕಿ ಸುಧಾರಿಸುತ್ತದೆ, ಸವಾರಿ ಕೆಡುತ್ತದೆ. ಡಿಗ್ರಿಗಳ ಪಟ್ಟಿ ಹಿಡಿದು ಸವಾರರನ್ನು ಆರಿಸುವವರಿಗೆ ನಾನು ಡೆನ್ಮಾರ್ಕಿನ ಲಿಸ್ ಹಾರ್ಟೆಲ್ ಹೆಸರು ಹೇಳುತ್ತೇನೆ. ಪೋಲಿಯೊ ಬಡಿದು ಆಕೆಯ ಮಂಡಿಯ ಕೆಳಗಿನ ಕಾಲುಗಳು ನಿಷ್ಕ್ರಿಯವಾಗಿದ್ದವು. ಕುದುರೆ ಹತ್ತಲು ಇಳಿಯಲು ಬೇರೆಯವರ ನೆರವು ಬೇಕಿತ್ತು. ಆಕೆ 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ ಗಂಡಸರ ಜೊತೆಯಲ್ಲೇ ಸ್ಪರ್ಧಿಸಿ ಡ್ರೆಸಾಜ್ ಬೆಳ್ಳಿ ಗೆದ್ದರು, 1956ರಲ್ಲಿ ಮತ್ತೊಮ್ಮೆ ಗೆದ್ದರು. ಹಿಮ್ಮಡಿ ಇಳಿಸಿದ್ದರೇ ಎಂದು ಕೇಳುವವರು ಆಕೆಯ ಕುದುರೆ ಜ್ಯುಬಿಲಿಯನ್ನು ನೋಡಬೇಕಿತ್ತು. 1996ರಿಂದ ಪ್ಯಾರಾಲಿಂಪಿಕ್ಸ್‌ನಲ್ಲೂ ಸವಾರಿ ಇದೆ. ಕೈಯಿಲ್ಲದ, ಕಾಲಿಲ್ಲದ, ಒಂದು ಪಕ್ಕ ದುರ್ಬಲವಾದ ಸವಾರರು ತಮ್ಮದೇ ಭಂಗಿಗಳಲ್ಲಿ ಕುದುರೆಯೊಂದಿಗೆ ತಾಳ ಕೂಡಿಸುತ್ತಾರೆ. ಅವರ ಸೆನ್ಸರ್ ಗೆರೆಗಳನ್ನು ಯಾವ ಪಠ್ಯಪುಸ್ತಕದ ಲಂಬರೇಖೆಯೂ ಅಳೆಯಲಾರದು.

ಅಂಕಿಗಳ ಆಸೆ ನಿಮಗೂ ಹುಟ್ಟಿದ್ದರೆ ಅಡ್ಡಿಯಿಲ್ಲ. ಸವಾರಿ ಕಲಿಯುತ್ತಿರುವವರ ಜೇಬಿನ ಫೋನಿನಲ್ಲೇ ಈ ಎಲ್ಲ ಮಾಪಕಗಳಿವೆ, ದಾಖಲಿಸಿಕೊಳ್ಳುವ ಉಚಿತ ಆ್ಯಪ್‌ಗಳೂ ಇವೆ. ಫೋನನ್ನು ಸೊಂಟಕ್ಕೆ ಬಿಗಿಯಾಗಿ ಕಟ್ಟಿಕೊಳ್ಳಿ. ಎಡಕ್ಕೆ ಎಷ್ಟು ಸುತ್ತು ಹೊಡೆದಿರೋ ಬಲಕ್ಕೂ ಅಷ್ಟೇ ಹೊಡೆಯಿರಿ, ಟ್ರಾಟ್‌ನಲ್ಲಿ ಏಳುವ ಜೋಡಿ ಬದಲಿಸಿ ಎರಡನ್ನೂ ಅಳೆಯಿರಿ. ಸಾಧ್ಯವಾದರೆ ಕುದುರೆ ಬದಲಿಸಿ ಮತ್ತೊಮ್ಮೆ ಅಳೆಯಿರಿ. ಎಲ್ಲ ಕುದುರೆಗಳ ಮೇಲೂ ಒಂದೇ ಕಡೆ ವಾಲುತ್ತಿದ್ದರೆ ಡೊಂಕು ನಿಮ್ಮದು, ತರಬೇತಿಯವರ ಮಾತು ಕೇಳಿ. ಒಂದು ಕುದುರೆಯ ಮೇಲೆ ಮಾತ್ರ ವಾಲುತ್ತಿದ್ದರೆ ನಿಮ್ಮ ಬೆನ್ನು ತಿದ್ದುವ ಮೊದಲು ಅದರ ಹಿಂಗಾಲನ್ನು ಪಶುವೈದ್ಯರಿಗೆ ತೋರಿಸಿ.